ಪಾಲಿಮರ್ ಕ್ಲೇ ಆಭರಣದಲ್ಲಿ ಬಣ್ಣ ಮತ್ತು ಮೇಲ್ಮೈ ಕೆಲಸ: ಯಾವುದನ್ನು ಯಾವ ಹಂತದಲ್ಲಿ ಮಾಡಬೇಕು

ಪಾಲಿಮರ್ ಕ್ಲೇಯಲ್ಲಿ ಓಲೆ, ಪದಕ, ಮಣಿಗಳನ್ನು ಮಾಡುವವರು ಹೇಳಿಕೊಳ್ಳುವ ತೊಂದರೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಬಿಳಿ ಕ್ಲೇಯ ತುಂಬ ಕೆಂಪು ಕಲೆ, ಎರಡು ಒಳ್ಳೆಯ ಬಣ್ಣಗಳನ್ನು ಬೆರೆಸಿದರೆ ಮಣ್ಣಿನ ಬಣ್ಣ, ಮುಟ್ಟಿದರೆ ಬೆರಳಿಗೆ ಬರುವ ಬಂಗಾರದ ಪುಡಿ, ವಾರಗಟ್ಟಲೆ ಕಳೆದರೂ ಅಂಟಂಟಾಗಿಯೇ ಉಳಿಯುವ ವಾರ್ನಿಶ್. ಇಂಥ ಕೆಲಸಗಳನ್ನು ಹತ್ತಿರದಿಂದ ನೋಡಿದಾಗ, ಸರಿಯಾದ ಸಾಮಗ್ರಿಯನ್ನು ಸರಿಯಲ್ಲದ ಹಂತದಲ್ಲಿ ಬಳಸಿರುವುದೇ ಹೆಚ್ಚಾಗಿ ಕಂಡುಬರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಕೆಲಸದ ಅನುಕ್ರಮದ ಸುತ್ತಲೇ ಬರೆಯಲಾಗಿದೆ.

ಅನುಕ್ರಮಕ್ಕೆ ಇಷ್ಟೊಂದು ಮಹತ್ವ ಬರುವುದಕ್ಕೆ ಕಾರಣ ಈ ವಸ್ತುವಿನ ಸ್ವಭಾವ. ಪಾಲಿಮರ್ ಕ್ಲೇಯಲ್ಲಿ ಜೇಡಿಮಣ್ಣಿನ ಅಂಶವಿಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್‌ನ ಅತಿಸಣ್ಣ ಕಣಗಳು, ಅವುಗಳನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಮತ್ತು ಬಣ್ಣದ ಪುಡಿಗಳು ಸೇರಿ ಅದು ಆಗಿರುತ್ತದೆ. ಅದು ಗಾಳಿಗೆ ಒಣಗುವುದಿಲ್ಲ. ಶಾಖ ತಗುಲಿದಾಗ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತದೆ. ಹಸಿ ಕ್ಲೇಯ ಮೈ ಸ್ವಲ್ಪ ಅಂಟಾಗಿರುವುದರಿಂದ ಪುಡಿ ಮತ್ತು ರೇಕುಗಳು ಅದಕ್ಕೆ ಹಿಡಿಯುತ್ತವೆ. ಬೆಂದ ಕ್ಲೇ ಪುಡಿಯನ್ನು ಹಿಡಿಯುವುದಿಲ್ಲ, ಆದರೆ ಅದನ್ನು ಉಜ್ಜಬಹುದು, ಅದರ ಗೆರೆಗಳಲ್ಲಿ ಪೇಂಟ್ ತುಂಬಬಹುದು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಹಂತಗಳ ಕ್ರಮ ತಾನಾಗಿಯೇ ಅರ್ಥವಾಗುತ್ತದೆ.

## ಬೇಕಾಗುವ ಸಲಕರಣೆಗಳು

ಹೊಳಪಿನ ಸೆರಾಮಿಕ್ ಟೈಲ್ ಒಂದು, ನಯವಾದ ಅಕ್ರಿಲಿಕ್ ರೋಲರ್, ಬಾಗಿಸಲು ಬರುವಷ್ಟು ತೆಳುವಾದ ಉದ್ದನೆಯ ಬ್ಲೇಡ್, ಕ್ಲೇಯನ್ನು ಒಂದೇ ದಪ್ಪದ ಹಾಳೆಯಾಗಿಸುವ ಪಾಸ್ತಾ ಮೆಷಿನ್, ಒಂದೆರಡು ಸಣ್ಣ ಕಟರ್‌ಗಳು, ಮೆತ್ತನೆಯ ಬ್ರಷ್, ಒದ್ದೆ ವೈಪ್ಸ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್. ಉಜ್ಜಲು 400ರಿಂದ 2000 ಗ್ರಿಟ್‌ವರೆಗಿನ (ಅಂಕಿ ಹೆಚ್ಚಿದಷ್ಟೂ ಕಾಗದ ನಯ), ನೀರಿನಲ್ಲಿ ಬಳಸಬಹುದಾದ ಸ್ಯಾಂಡ್‌ಪೇಪರ್ ಬೇಕು. ಒಮ್ಮೆ ಕ್ಲೇಗೆ ಬಳಸಿದ ಪಾಸ್ತಾ ಮೆಷಿನ್, ಕಟರ್, ಟ್ರೇಗಳನ್ನು ಮತ್ತೆ ಅಡುಗೆಗೆ ಬಳಸಬಾರದು.

ಓವನ್ ಒಳಗೆ ಇಡುವ ಪ್ರತ್ಯೇಕ ಥರ್ಮಾಮೀಟರ್ ಅನ್ನು ಕೊಳ್ಳಲು ಅನೇಕರು ಹಿಂಜರಿಯುತ್ತಾರೆ. ಇದನ್ನು ಮಾತ್ರ ಕೈಬಿಡಬೇಡಿ. ಓವನ್‌ನ ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಶಾಖಕ್ಕೂ, ಅದರಲ್ಲೂ ಸಣ್ಣ ಓವನ್‌ಗಳಲ್ಲಿ, ಬಹಳ ಅಂತರವಿರುತ್ತದೆ. ದಿನಗಟ್ಟಲೆ ಕೂತು ಮಾಡಿದ ಬಣ್ಣದ ಕೆಲಸ ಕಂದುಗಟ್ಟುವುದು ಅಲ್ಲಿಯೇ.

## ಹಂತ 1: ಕ್ಲೇಯನ್ನು ಹದಕ್ಕೆ ತರುವುದು

ಪೊಟ್ಟಣದಿಂದ ತೆಗೆದ ಕ್ಲೇ ಮೆತ್ತಗಿದ್ದರೂ ಅದನ್ನು ನಾದಲೇಬೇಕು. ನಾದದ ಕ್ಲೇಯಲ್ಲಿ ಪ್ಲಾಸ್ಟಿಸೈಜರ್ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಬೆಂದ ಮೇಲೂ ಅದು ಸುಲಭವಾಗಿ ಮುರಿಯುತ್ತದೆ. ಮೆಷಿನ್‌ನ ಅತಿ ಅಗಲದ ಅಂತರಕ್ಕಿಂತ ತುಸು ತೆಳ್ಳಗೆ ಹೋಳುಗಳನ್ನು ಕತ್ತರಿಸಿ ಒಂದು ಸಲ ಹಾಯಿಸಿ, ಮಡಚಿ, ಮತ್ತೆ ಹಾಯಿಸಿ. ಪ್ರತಿ ಬಾರಿಯೂ ಮಡಿಕೆಯ ಅಂಚು ಮೊದಲು ರೋಲರ್ ಒಳಗೆ ಹೋಗಬೇಕು, ಇಲ್ಲವೇ ಪಕ್ಕಕ್ಕಿರಬೇಕು. ತೆರೆದ ಬದಿ ಮೊದಲು ಹೋದರೆ ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಗುಳ್ಳೆಯಾಗಿ ಉಳಿಯುತ್ತದೆ. ಹಾಳೆಯನ್ನು ಮಡಚಿದಾಗ ಮಡಿಕೆಯಲ್ಲಿ ಬಿರುಕು ಕಾಣದಿದ್ದರೆ ಹದ ಬಂದಿದೆ ಎಂದು ತಿಳಿಯಬಹುದು.

ಪುಡಿಪುಡಿಯಾಗುವ ಹಳೆಯ ಕ್ಲೇಗೆ ಕ್ಲೇ ಸಾಫ್ಟ್‌ನರ್ ಅನ್ನು ಹನಿಹನಿಯಾಗಿ ಸೇರಿಸಿ. ಕೈಗೆ ಅಂಟುವಷ್ಟು ಮೆತ್ತಗಿದ್ದರೆ ಎರಡು ಬಿಳಿ ಕಾಗದಗಳ ನಡುವೆ ಹಾಳೆಯನ್ನು ಒತ್ತಿ ಇಡಿ. ಹೆಚ್ಚಿನ ಪ್ಲಾಸ್ಟಿಸೈಜರ್ ಎಣ್ಣೆಕಲೆಯಂತೆ ಕಾಗದಕ್ಕೆ ಇಳಿಯುತ್ತದೆ.

ಯಾವಾಗಲೂ ತಿಳಿ ಬಣ್ಣದಿಂದ ಗಾಢ ಬಣ್ಣದತ್ತ ಕೆಲಸ ಮಾಡಿ: ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಕೆಂಪು ಮತ್ತು ಕಪ್ಪು. ಬಣ್ಣ ಬದಲಿಸುವಾಗಲೆಲ್ಲ ಕೈ, ಟೈಲ್, ಮೆಷಿನ್‌ನ ರೋಲರ್ ಮೂರನ್ನೂ ಒರೆಸಬೇಕು. ಕೆಂಪು ಕ್ಲೇ ಕೈಗೆ ಹತ್ತಿದ್ದು ಕಣ್ಣಿಗೆ ಕಾಣದಿದ್ದರೂ ಬಿಳಿ ಕ್ಲೇ ಮುಟ್ಟಿದೊಡನೆ ಕಾಣುತ್ತದೆ. ಬೆಂದ ಮೇಲೆ ಎದ್ದು ಕಾಣುವ ಕಪ್ಪು ನೂಲಿನೆಳೆಗಳು ಹೆಚ್ಚಾಗಿ ತೊಟ್ಟ ಬಟ್ಟೆಯಿಂದಲೇ ಬಂದಿರುತ್ತವೆ. ಆದ್ದರಿಂದ ತಿಳಿ ಬಣ್ಣದ ಕೆಲಸದ ದಿನ ಉಣ್ಣೆ ಅಥವಾ ಜುಂಗುಬಿಡುವ ಬಟ್ಟೆ ತೊಡಬೇಡಿ.

## ಹಂತ 2: ಬಣ್ಣ ಬೆರೆಸುವುದು

ಅಂಗಡಿಯ ಬಣ್ಣವನ್ನು ಹಾಗೆಯೇ ಬಳಸಿದ ಆಭರಣ ಆಟಿಕೆಯಂತೆ ಕಾಣುವುದು ಹೆಚ್ಚು. ಸ್ವಂತ ಬಣ್ಣ ಬೆರೆಸಲು ಹೊರಟವರು ಎಡವುವುದು ಮೂಲಬಣ್ಣಗಳ ಆಯ್ಕೆಯಲ್ಲಿ. ಕೆಂಪು ಎಂದು ಮಾರುವ ಎರಡು ಕ್ಲೇಗಳಲ್ಲಿ ಒಂದು ಕಿತ್ತಳೆಯತ್ತ, ಇನ್ನೊಂದು ನೇರಳೆಯತ್ತ ವಾಲಿರಬಹುದು. ಕಿತ್ತಳೆಯತ್ತ ವಾಲಿದ ಕೆಂಪಿನೊಳಗೆ ಹಳದಿಯ ಅಂಶ ಇದ್ದೇ ಇರುತ್ತದೆ. ಅದನ್ನು ನೀಲಿಗೆ ಬೆರೆಸಿದಾಗ ಮೂರೂ ಮೂಲಬಣ್ಣಗಳು ಒಂದೆಡೆ ಸೇರಿ ಕಂದಾಗುತ್ತದೆ. ಶುದ್ಧ ನೇರಳೆ ಬೇಕಿದ್ದರೆ ಮಜೆಂತಾ, ಶುದ್ಧ ಹಸಿರು ಬೇಕಿದ್ದರೆ ನಿಂಬೆ ಹಳದಿ ಮತ್ತು ಹಸಿರಿನತ್ತ ವಾಲಿದ ನೀಲಿ ಆರಿಸಿಕೊಳ್ಳಿ. ಇದೇ ನಿಯಮವನ್ನು ತಿರುಗಿಸಿಯೂ ಬಳಸಬಹುದು: ಕಣ್ಣಿಗೆ ಚುಚ್ಚುವ ಹಸಿರಿಗೆ ಕಾಳಿನಷ್ಟು ಕೆಂಪು ಸೇರಿಸಿದರೆ ಅದು ಎಲೆಯ ಹಸಿರಿಗೆ ಇಳಿಯುತ್ತದೆ. ಬಣ್ಣವನ್ನು ಮಂಕಾಗಿಸಲು ಕಪ್ಪನ್ನು ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಅಳತೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ಎಲ್ಲ ಬಣ್ಣಗಳನ್ನೂ ಒಂದೇ ದಪ್ಪದ ಹಾಳೆ ಮಾಡಿ, ಒಂದೇ ಸಣ್ಣ ಕಟರ್‌ನಿಂದ ಬಿಲ್ಲೆಗಳನ್ನು ಕತ್ತರಿಸಿ, ಬಿಲ್ಲೆಗಳ ಲೆಕ್ಕದಲ್ಲಿ ಬೆರೆಸಿ. 8 ಬಿಲ್ಲೆ ಹಳದಿಗೆ 1 ಬಿಲ್ಲೆ ನೀಲಿ ಎಂದು ಬರೆದಿಟ್ಟ ಅಳತೆಯನ್ನು ಮುಂದೆ ಎಷ್ಟು ಬೇಕಾದರೂ ಹಿಗ್ಗಿಸಬಹುದು. ಗಾಢ ಬಣ್ಣಕ್ಕೆ ತಿಳಿ ಬಣ್ಣ ಸೇರಿಸುತ್ತ ಹೋದರೆ ಬೇಕಾದ ಛಾಯೆ ಬರುವಷ್ಟರಲ್ಲಿ ಕ್ಲೇ ಬೆಟ್ಟವಾಗಿರುತ್ತದೆ. ಆದ್ದರಿಂದ ತಿಳಿ ಬಣ್ಣವನ್ನು ಮುಂದಿಟ್ಟುಕೊಂಡು ಅದಕ್ಕೆ ಗಾಢವನ್ನು ಚೂರುಚೂರಾಗಿ ಸೇರಿಸಬೇಕು.

ಬೆರೆಸಿದ ಪ್ರತಿ ಬಣ್ಣದ ಒಂದು ಬಿಲ್ಲೆಯನ್ನು ಮೊದಲು ಬೇಯಿಸಿ ನೋಡಿ. ಅನೇಕ ಬಣ್ಣಗಳು ಓವನ್‌ನಲ್ಲಿ ತುಸು ಗಾಢವಾಗುತ್ತವೆ, ಪಾರದರ್ಶಕ ಕ್ಲೇ ಹೆಚ್ಚಿರುವ ಮಿಶ್ರಣಗಳಲ್ಲಂತೂ ಬದಲಾವಣೆ ಬಹಳ. ಬಿಲ್ಲೆಯ ಹಿಂದೆ ಅಳತೆ ಬರೆದು, ತೂತು ಮಾಡಿ ದಾರದಲ್ಲಿ ಪೋಣಿಸಿಟ್ಟರೆ ಅದೇ ನಿಮ್ಮ ಬಣ್ಣದ ಕೋಶ.

## ಹಂತ 3: ಬಣ್ಣದಿಂದ ಬಣ್ಣಕ್ಕೆ ಜಾರುವ ಹಾಳೆ

ಜೂಡಿತ್ ಸ್ಕಿನ್ನರ್ ಅವರ ಹೆಸರಿನಿಂದ ಸ್ಕಿನ್ನರ್ ಬ್ಲೆಂಡ್ ಎಂದೇ ಕರೆಯಲಾಗುವ ಈ ತಂತ್ರದಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಗೆರೆಯೇ ಕಾಣದಂತೆ ಕರಗುತ್ತದೆ. ಎರಡು ಬಣ್ಣಗಳ ದಪ್ಪ ಹಾಳೆಗಳನ್ನು ಸಮನಾದ ಆಯತಗಳಾಗಿ ಕತ್ತರಿಸಿ, ಎರಡನ್ನೂ ಕರ್ಣದುದ್ದಕ್ಕೆ ಸೀಳಿ. ಒಂದು ಬಣ್ಣದ ತ್ರಿಕೋನಗಳನ್ನು ಒಂದರ ಮೇಲೊಂದು, ಇನ್ನೊಂದರದ್ದನ್ನೂ ಹಾಗೆಯೇ ಇಟ್ಟು, ಎರಡು ಜೋಡಿಗಳನ್ನು ಸೇರಿಸಿ ಮತ್ತೆ ಆಯತ ಮಾಡಿ. ಸೀಳುವಾಗ ಸರಿಯಾಗಿ ಮೂಲೆಯಿಂದ ಮೂಲೆಗೆ ಹೋಗದೆ ಸ್ವಲ್ಪ ಒಳಗಿನಿಂದ ಸೀಳಿದರೆ ಎರಡು ಅಂಚುಗಳಲ್ಲಿಯೂ ಶುದ್ಧ ಬಣ್ಣದ ಪಟ್ಟಿ ಉಳಿಯುತ್ತದೆ. ಇದನ್ನು ಮಾಡದವರಿಗೆ ತುದಿಯ ಬಣ್ಣಗಳೇ ಮಾಸಿಹೋಗುತ್ತವೆ.

ಈಗ ಹಾಳೆಯ ಕೆಳ ಅಂಚನ್ನು ಮೇಲಿನ ಅಂಚಿಗೆ ಮಡಚಿ, ಮಡಿಕೆ ಮೊದಲು ಹೋಗುವಂತೆ ಮೆಷಿನ್‌ಗೆ ಕೊಡಿ. ಹೊರಬಂದ ಹಾಳೆಯನ್ನು ಮತ್ತೆ ಕೆಳಗಿನಿಂದ ಮೇಲಕ್ಕೇ ಮಡಚಿ. ಎಡಗಡೆಯ ಬಣ್ಣ ಕೊನೆಯವರೆಗೂ ಎಡಗಡೆಯೇ ಇರಬೇಕು. ಒಂದೇ ಒಂದು ಸಲ ಅಡ್ಡಕ್ಕೆ ಮಡಚಿದರೂ ಎರಡು ಬಣ್ಣಗಳ ತುದಿಗಳು ಒಂದರ ಮೇಲೊಂದು ಬಿದ್ದು ಹಾಳೆ ಕ್ರಮೇಣ ಒಂದೇ ಬಣ್ಣವಾಗುತ್ತದೆ, ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ಹತ್ತನೆಯ ಸಲಕ್ಕೆ ಹಾಳೆಯಲ್ಲಿ ಗೀರುಗೀರಾದ ಪಟ್ಟೆಗಳು ಕಾಣುತ್ತವೆ. ಬಹಳ ಮಂದಿ ಕೈಬಿಡುವುದು ಇಲ್ಲಿಯೇ. 20ರಿಂದ 25 ಸಲ ಹಾಯಿಸುವಷ್ಟರಲ್ಲಿ ಗೀರುಗಳು ಅಳಿಸಿ ಬಣ್ಣ ಒಂದೇ ಸಮನೆ ಜಾರತೊಡಗುತ್ತದೆ. ಪರಸ್ಪರ ವಿರುದ್ಧವಾದ ಬಣ್ಣಗಳನ್ನು, ಉದಾಹರಣೆಗೆ ಕೆಂಪು ಮತ್ತು ಹಸಿರನ್ನು, ಆರಿಸಿದರೆ ನಡುವೆ ಕಂದು ಪಟ್ಟಿ ಬರುವುದು ಖಂಡಿತ. ಅಲ್ಲಿ ಹಳದಿಯನ್ನೋ ಬಿಳಿಯನ್ನೋ ಮೂರನೆಯ ಬಣ್ಣವಾಗಿ ಸೇರಿಸಿ.

## ಹಂತ 4: ಪಾರದರ್ಶಕ ಕ್ಲೇ ಮತ್ತು ಆಲ್ಕೋಹಾಲ್ ಇಂಕ್

ಪಾರದರ್ಶಕ ಕ್ಲೇಗೆ ಇಂಕಿನಿಂದ ಬಣ್ಣ ಕೊಡುವುದಾದರೆ ತೆಳು ಹಾಳೆಯ ಮೇಲೆ ಹನಿಗಳನ್ನು ಹರಡಿ, ಪೂರ್ತಿ ಒಣಗಿದ ಮೇಲಷ್ಟೇ ಬೆರೆಸಬೇಕು. ಹಸಿ ಇಂಕಿನೊಂದಿಗೆ ನಾದಿದರೆ ಕ್ಲೇ ಜಾರುತ್ತದೆ, ಒಳಗೆ ಉಳಿದ ಆಲ್ಕೋಹಾಲ್ ಓವನ್‌ನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಬೆಂದ ಪಾರದರ್ಶಕ ಕ್ಲೇಯೊಳಗೆ ಕಾಣುವ ಅರ್ಧಚಂದ್ರಾಕೃತಿಯ ಮಬ್ಬು ಚುಕ್ಕೆಗಳಿಗೆ ಒಳಗೆ ಸಿಕ್ಕಿಕೊಂಡ ಗಾಳಿ ಮತ್ತು ತೇವ ಮುಖ್ಯ ಕಾರಣಗಳು. ಇದನ್ನು ಕಡಿಮೆ ಮಾಡಲು ಒದ್ದೆ ಕೈಯಿಂದ ನಾದುವುದನ್ನು ಬಿಡಬೇಕು, ಈ ಕ್ಲೇಗೆ ಒತ್ತುವ ಅಚ್ಚಿಗೆ ನೀರನ್ನೂ ಬಳಸಬಾರದು. ಡೈ ಆಧಾರಿತ ಇಂಕುಗಳು ಬಿಸಿಲಿಗೆ ಮಾಸುತ್ತವೆ ಎಂಬುದನ್ನು ದಿನವೂ ತೊಡುವ ಆಭರಣ ಮಾಡುವವರು ಗಮನಿಸಬೇಕು.

## ಹಂತ 5: ಹಸಿ ಮೇಲ್ಮೈಯ ಕೆಲಸಗಳು

ಅಚ್ಚು ಒತ್ತುವುದು. ಅಚ್ಚಿಗೆ ಕ್ಲೇ ಅಂಟದಿರಲು ನೀರಿನ ತುಂತುರು ಅಥವಾ ಕಾರ್ನ್‌ಫ್ಲೋರ್‌ನ ತೆಳು ಲೇಪ ಸಾಕು. ಗಾಢ ಬಣ್ಣಕ್ಕೆ ನೀರೇ ಒಳ್ಳೆಯದು, ಏಕೆಂದರೆ ಕಪ್ಪು ಕ್ಲೇಯ ಗೆರೆಗಳೊಳಗೆ ಉಳಿದ ಹಿಟ್ಟು ಬೂದಿಯಂತೆ ಕಾಣುತ್ತದೆ. ಒತ್ತಡವನ್ನು ಒಂದೇ ಸಲ, ಎಲ್ಲೆಡೆ ಸಮನಾಗಿ ಕೊಡಿ. ಎರಡನೆಯ ಸಲ ಒತ್ತಿದರೆ ಗೆರೆಗಳು ಜೋಡಿಯಾಗುತ್ತವೆ. ಕಟರ್‌ನಿಂದ ಆಕಾರ ಕತ್ತರಿಸುವುದು ಅಚ್ಚು ಒತ್ತಿದ ನಂತರ. ಮೊದಲೇ ಕತ್ತರಿಸಿದರೆ ಆಕಾರ ಹಿಗ್ಗಿ ಸೊಟ್ಟಗಾಗುತ್ತದೆ.

ಅಭ್ರಕದ ಪುಡಿ. ಮೈಕಾ ಪೌಡರ್ ಎಂದು ಸಿಗುವ ಈ ಪುಡಿ ಹಸಿ ಕ್ಲೇಗೆ ಮಾತ್ರ ಹಿಡಿಯುತ್ತದೆ. ಬೆರಳ ತುದಿಗೆ ಚೂರೇ ಚೂರು ಪುಡಿ ಹಚ್ಚಿಕೊಂಡು, ಉಬ್ಬಿದ ಭಾಗಗಳನ್ನಷ್ಟೇ ಸವರಿದರೆ ತಗ್ಗುಗಳಲ್ಲಿ ಮೂಲಬಣ್ಣ ಉಳಿದು ಅಚ್ಚಿನ ವಿನ್ಯಾಸ ಎದ್ದು ಕಾಣುತ್ತದೆ. ಪುಡಿ ಬಹಳ ನುಣುಪಾಗಿ ಗಾಳಿಗೆ ಏಳುವುದರಿಂದ ಮಾಸ್ಕ್ ಧರಿಸಿ, ಫ್ಯಾನ್ ಆರಿಸಿ. ಪುಡಿ ಹಚ್ಚಿದ ಜಾಗಕ್ಕೆ ಇನ್ನೊಂದು ಹಸಿ ತುಂಡು ಅಂಟುವುದಿಲ್ಲ. ಹೂವಿನ ದಳಗಳಂಥ ಜೋಡಣೆ ಇದ್ದರೆ ಮೊದಲು ಜೋಡಿಸಿ, ಆಮೇಲೆ ಪುಡಿ ಹಚ್ಚಿ.

ಲೋಹದ ರೇಕು. ಹಾಳೆಯ ಮೇಲೆ ರೇಕನ್ನು ನಿಧಾನವಾಗಿ ಇಳಿಸಿ, ಕಾಗದ ಹಾಸಿ ಸವರಿ, ನಂತರ ಮೆಷಿನ್‌ನಲ್ಲಿ ಒಂದು ಅಂಕಿ ತೆಳ್ಳಗೆ ಹಾಯಿಸಿದರೆ ಕ್ಲೇ ಹಿಗ್ಗಿದಂತೆ ರೇಕು ಬಿರಿಯುತ್ತದೆ. ಹಾಳೆಯನ್ನು ಕಾಲುಸುತ್ತು ತಿರುಗಿಸಿ ಇನ್ನೊಂದು ಅಂಕಿ ತೆಳುವಾಗಿಸಿದರೆ ಬಿರುಕುಗಳು ಎರಡೂ ದಿಕ್ಕಿಗೆ ಹರಡುತ್ತವೆ. ಅಪ್ಪಟ ಚಿನ್ನದ ರೇಕು ಕಪ್ಪಾಗುವುದಿಲ್ಲ. ಹಿತ್ತಾಳೆಯಿಂದ ಮಾಡಿದ ಅನುಕರಣೆಯ ರೇಕು ಲೇಪವಿಲ್ಲದಿದ್ದರೆ ಕಪ್ಪಾಗುತ್ತದೆ.

ಮೈಕಾ ಶಿಫ್ಟ್. ಮೇಲ್ಮೈ ತಂತ್ರಗಳಲ್ಲೆಲ್ಲ ನನಗೆ ಅತ್ಯಂತ ಸುಂದರವೆನಿಸುವುದು ಇದೇ. ಮುಟ್ಟಿದರೆ ಗಾಜಿನಂತೆ ನಯವಾದ ಮೈ, ನೋಡಿದರೆ ಒಳಗೆಲ್ಲೋ ಆಳದಲ್ಲಿ ಉಬ್ಬುತಗ್ಗು. ಮುತ್ತಿನ ಅಥವಾ ಲೋಹದ ಹೊಳಪಿನ ಕ್ಲೇಯಲ್ಲಿ ಅಭ್ರಕದ ಚಪ್ಪಟೆ ಚಕ್ಕೆಗಳಿರುತ್ತವೆ. ಈ ತಂತ್ರ ಅಂಥ ಕ್ಲೇಯಲ್ಲಿ ಮಾತ್ರ ಸಾಧ್ಯ, ಮಿನುಗು ಚೂರು ಬೆರೆಸಿದ ಕ್ಲೇಯಲ್ಲಿ ಆಗುವುದಿಲ್ಲ. ಮೊದಲು ಹಾಳೆಯನ್ನು ಮಡಚುತ್ತ ಹಲವು ಸಲ ಹಾಯಿಸಿ, ಮೇಲ್ಮೈಯಲ್ಲಿ ಸುಳಿಗಳೆಲ್ಲ ಮಾಯವಾಗಿ ಒಂದೇ ಸಮನಾದ ಹೊಳಪು ಬರುವವರೆಗೆ ನಿಲ್ಲಿಸಬೇಡಿ. ಆಗ ಚಕ್ಕೆಗಳೆಲ್ಲ ಮಲಗಿರುತ್ತವೆ. ಆಳವಾದ ಗೆರೆಗಳುಳ್ಳ ಗಟ್ಟಿ ಅಚ್ಚಿಗೆ ನೀರು ಚಿಮುಕಿಸಿ ದಪ್ಪ ಹಾಳೆಯನ್ನು ಒತ್ತಿದಾಗ ಗೆರೆಗಳ ಅಂಚಿನ ಚಕ್ಕೆಗಳು ಓರೆಯಾಗುತ್ತವೆ.

ಹಾಳೆಯನ್ನು ಟೈಲ್ ಮೇಲೆ ಕದಲದಂತೆ ಅಂಟಿಸಿ. ತೆಳು ಬ್ಲೇಡನ್ನು ಎರಡೂ ಕೈಗಳಲ್ಲಿ ಹಿಡಿದು, ಸ್ವಲ್ಪವೇ ಬಾಗಿಸಿ, ಹೆಚ್ಚುಕಡಿಮೆ ಟೈಲ್‌ಗೆ ಸಮಾನಾಂತರವಾಗಿ ಇಟ್ಟು ಉಬ್ಬಿದ ಗೆರೆಗಳ ನೆತ್ತಿಯನ್ನು ಹೊರೆಯುತ್ತ ಬನ್ನಿ. ಹೊರೆದಲ್ಲಿ ಮಂಕಾದ ನೆರಳು ಮೂಡುತ್ತದೆ, ಹೊರೆಯದಲ್ಲಿ ಹೊಳಪು ಉಳಿಯುತ್ತದೆ. ಮೇಲ್ಮೈ ಸಮತಟ್ಟಾದೊಡನೆ ನಿಲ್ಲಿಸಬೇಕು. ಅದಕ್ಕಿಂತ ಕೆಳಗಿಳಿದರೆ ವಿನ್ಯಾಸವೇ ಹೊರಟುಹೋಗುತ್ತದೆ. ಬ್ಲೇಡ್ ಕ್ಲೇಯನ್ನು ಕತ್ತರಿಸುವ ಬದಲು ಎಳೆಯುತ್ತಿದೆ ಎಂದರೆ ಕ್ಲೇ ಬೆಚ್ಚಗಾಗಿದೆ: ಟೈಲ್ ಸಮೇತ 10 ನಿಮಿಷ ಫ್ರಿಜ್‌ನಲ್ಲಿಟ್ಟು ಮುಂದುವರಿಸಿ. ಕೊನೆಗೆ ರೋಲರ್‌ನಿಂದ ಹಗುರವಾಗಿ ನಯಗೊಳಿಸಿದರೂ ಚಕ್ಕೆಗಳ ಓರೆ ಹಾಗೆಯೇ ಇರುವುದರಿಂದ ವಿನ್ಯಾಸ ಉಳಿಯುತ್ತದೆ.

ಬೇಯಿಸುವ ಮುನ್ನ ಬೆರಳಚ್ಚುಗಳನ್ನು ಅಳಿಸಿ. ಪುಡಿ ಅಥವಾ ರೇಕು ಇಲ್ಲದ ಕಡೆ ಮೆತ್ತನೆಯ ಬ್ರಷ್‌ಗೆ ಒಂದು ಹನಿ ಆಲ್ಕೋಹಾಲ್ ಹಚ್ಚಿ ಸವರಿದರೆ ಅವು ಮಾಯವಾಗುತ್ತವೆ.

## ಹಂತ 6: ಬೇಯಿಸುವುದು

ಪ್ರತಿ ತಯಾರಕರ ಕ್ಲೇಗೂ ಶಾಖ ಬೇರೆ: ಫಿಮೊ 110 ಡಿಗ್ರಿ ಸೆಲ್ಸಿಯಸ್, ಸ್ಕಲ್ಪಿ ಪ್ರೀಮೊ 130, ಕೇಟೊ ಪಾಲಿಕ್ಲೇ 150. ನಿಮ್ಮ ಪೊಟ್ಟಣದ ಮೇಲಿನ ಅಂಕಿಯನ್ನೇ ಅನುಸರಿಸಿ. ಸಮಯವನ್ನು ಹೆಚ್ಚಿಸುವುದರಿಂದ ಸಾಮಾನ್ಯವಾಗಿ ಹಾನಿಯಿಲ್ಲ, ಸರಿಯಾದ ಶಾಖದಲ್ಲಿ ಹೆಚ್ಚು ಹೊತ್ತು ಬೆಂದ ಕ್ಲೇ ಇನ್ನಷ್ಟು ಗಟ್ಟಿಯಾಗುತ್ತದೆ. ಶಾಖವನ್ನು ಹೆಚ್ಚಿಸಿ ಸಮಯ ಉಳಿಸಲು ಹೋದವರ ಕೆಲಸ ಮಾತ್ರ ಕೆಡುತ್ತದೆ. ಮೈಕ್ರೋವೇವ್ ಕಿರಣಗಳಲ್ಲಿ ಬೇಯಿಸಲೇಬಾರದು.

ಓವನ್ ಅನ್ನು ಮೊದಲೇ ಕಾಯಿಸಿ, ಥರ್ಮಾಮೀಟರ್‌ನ ಮುಳ್ಳು ಸ್ಥಿರವಾದ ಮೇಲೆ ತುಂಡುಗಳನ್ನಿಡಿ. ಟೈಲ್ ಮೇಲೆ ಬಿಳಿ ಕಾಗದ ಹಾಸಿ ಇಡುವುದರಿಂದ ಕೆಳಮೈಯಲ್ಲಿ ಹೊಳೆಯುವ ತೇಪೆಗಳು ಬೀಳುವುದಿಲ್ಲ. ಕಾಯಿಲ್‌ನ ನೇರ ಕಾವು ತಿಳಿ ಬಣ್ಣಗಳನ್ನು ಕಂದಾಗಿಸುವುದರಿಂದ ತುಂಡುಗಳಿಗೆ ತಾಗದಂತೆ ಅಲ್ಯೂಮಿನಿಯಂ ಫಾಯಿಲ್‌ನ ಗೂಡು ಮುಚ್ಚಿ.

ಎಚ್ಚರಿಕೆಯ ಚಿಹ್ನೆಗಳು ಸ್ಪಷ್ಟವಾಗಿರುತ್ತವೆ. ಅಂಚು ಕಂದಾದರೆ ಶಾಖ ಹೆಚ್ಚಾಗಿದೆ. ಹೊಗೆ ಅಥವಾ ಮೂಗು ಉರಿಸುವ ವಾಸನೆ ಬಂದರೆ ಕ್ಲೇ ಸುಡುತ್ತಿದೆ, ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬೀಳುತ್ತದೆ. ಕೂಡಲೇ ಓವನ್ ಆರಿಸಿ, ಕಿಟಕಿಗಳನ್ನು ತೆರೆದು, ಗಾಳಿ ತಿಳಿಯಾಗುವವರೆಗೆ ಹೊರಗಿರಿ. ಬಿಸಿಯಾಗಿರುವಾಗ ತುಂಡು ರಬ್ಬರಿನಂತೆ ಬಾಗುವುದು ಸಹಜ. ತಣ್ಣಗಾದ ಮೇಲೆ ಜೊತೆಗಿಟ್ಟ ತೆಳು ಪಟ್ಟಿಯೊಂದನ್ನು ಬಾಗಿಸಿ ನೋಡಿ: ಬಾಗಿದರೆ ಸರಿ, ಬಿಸ್ಕತ್ತಿನಂತೆ ಮುರಿದರೆ ಇನ್ನೂ ಬೇಯಬೇಕು. ಅದೇ ತುಂಡನ್ನು ಮತ್ತೆ ಓವನ್‌ಗೆ ಇಡಲು ಅಡ್ಡಿಯಿಲ್ಲ.

## ಹಂತ 7: ಉಜ್ಜುವುದು

ನಯವಾದ ಮೇಲ್ಮೈಗೆ ಮಾತ್ರ ಈ ಹಂತ. ಪುಡಿ, ರೇಕು, ಅಚ್ಚಿನ ಕೆಲಸ ಇರುವ ಮೈಯನ್ನು ಮುಟ್ಟಬೇಡಿ, ಅಂಚುಗಳನ್ನಷ್ಟೇ ಉಜ್ಜಿ. ಕ್ಲೇಯ ಧೂಳು ಉಸಿರಿಗೆ ಸೇರದಂತೆ ಯಾವಾಗಲೂ ನೀರಿನಲ್ಲಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಉಜ್ಜಬೇಕು. 400, 600, 800, 1000 ಎಂದು ಕ್ರಮವಾಗಿ ಏರಿ. 400ರ ಗೀರು ಉಳಿದಿರುವಾಗಲೇ 1000ಕ್ಕೆ ಹಾರಿದರೆ ಆ ಗೀರು ಹೊಳಪಿನ ನಡುವೆ ಇನ್ನೂ ಎದ್ದು ಕಾಣುತ್ತದೆ. ಪ್ರತಿ ಗ್ರಿಟ್‌ಗೂ ಉಜ್ಜುವ ದಿಕ್ಕು ಬದಲಿಸಿ, ಒರೆಸಿ, ಓರೆ ಬೆಳಕಿನಲ್ಲಿ ನೋಡಿ. 2000 ಮುಗಿದ ಮೇಲೆ ಜೀನ್ಸ್ ಬಟ್ಟೆಯಿಂದ ತಿಕ್ಕಿದರೆ ವಾರ್ನಿಶ್ ಇಲ್ಲದೆಯೇ ಹೊಳಪು ಬರುತ್ತದೆ. ಮೈಕಾ ಶಿಫ್ಟ್‌ನ ಆಳ ಪೂರ್ತಿ ತೆರೆದುಕೊಳ್ಳುವುದು ಆಗಲೇ.

## ಹಂತ 8: ಗೆರೆಗಳಲ್ಲಿ ಪೇಂಟ್ ತುಂಬುವುದು

ಅಚ್ಚೊತ್ತಿದ ತುಂಡಿಗೆ ಹಳೆಯ ಲೋಹದ ಕಳೆ ಕೊಡುವ ಕೆಲಸ ಬೆಂದ ಮೇಲಿನದು. ಮೊದಲು ಆಲ್ಕೋಹಾಲ್‌ನಿಂದ ಒರೆಸಿ ಎಣ್ಣೆಯ ಅಂಶ ತೆಗೆಯಿರಿ. ಗಾಢ ಕಂದು ಅಕ್ರಿಲಿಕ್ ಪೇಂಟನ್ನು ಗಡುಸು ಬ್ರಷ್‌ನಿಂದ ಗೆರೆಗಳ ತಳದವರೆಗೆ ತಳ್ಳಿ. ಹಿಂಡಿದ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಮೇಲ್ಮೈಯನ್ನಷ್ಟೇ ಸವರಿ ಒರೆಸಿ. ಬಟ್ಟೆ ಸಡಿಲವಾಗಿದ್ದರೆ ಅಥವಾ ಬಹಳ ಒದ್ದೆಯಾಗಿದ್ದರೆ ಗೆರೆಯೊಳಗಿನ ಪೇಂಟನ್ನೂ ಎತ್ತಿಬಿಡುತ್ತದೆ. ಅಕ್ರಿಲಿಕ್ ಬೇಗ ಒಣಗುವುದರಿಂದ ಒಂದೊಂದೇ ತುಂಡನ್ನು ಮುಗಿಸುತ್ತ ಹೋಗಿ. ಒಣಗಿ ಉಳಿದ ಕಲೆಗೆ ಆಲ್ಕೋಹಾಲ್ ಹಚ್ಚಿದ ಹತ್ತಿ ಸಾಕು. ಅಭ್ರಕದ ಪುಡಿ ಹಚ್ಚಿದ ತುಂಡಾದರೆ ಮೊದಲು ಒಂದು ತೆಳು ಲೇಪ ಕೊಟ್ಟು ಆಮೇಲೆ ಪೇಂಟ್ ಹಚ್ಚಬೇಕು, ಇಲ್ಲದಿದ್ದರೆ ಒರೆಸುವಾಗ ಪುಡಿಯೂ ಬರುತ್ತದೆ.

## ಹಂತ 9: ರಕ್ಷಾಲೇಪ ಮತ್ತು ಕೊಕ್ಕೆಗಳು

ಚೆನ್ನಾಗಿ ಬೆಂದ ಕ್ಲೇ ನೀರಿಗೆ ಹೆದರುವುದಿಲ್ಲ, ಅದಕ್ಕೆ ಲೇಪದ ಅಗತ್ಯವೂ ಇಲ್ಲ. ಲೇಪ ಬೇಕಾಗುವುದು ಪುಡಿ, ರೇಕು, ಪೇಂಟ್ ಇರುವ ಕಡೆ. ನೀರಿನ ಆಧಾರದ ಪಾಲಿಯುರೆಥೇನ್ ವಾರ್ನಿಶ್ ಅನ್ನು ಮೆತ್ತನೆಯ ಬ್ರಷ್‌ನಿಂದ ಎರಡು ತೆಳು ಪದರವಾಗಿ ಹಚ್ಚಿ. ಬಾಟಲಿಯನ್ನು ಕುಲುಕಿದರೆ ಗುಳ್ಳೆ ಬರುತ್ತದೆ, ಕಡ್ಡಿಯಿಂದ ಕಲಕಿ. ನೈಲ್ ಪಾಲಿಷ್ ಮತ್ತು ಅನೇಕ ಸ್ಪ್ರೇ ವಾರ್ನಿಶ್‌ಗಳಲ್ಲಿರುವ ದ್ರಾವಕಗಳು ಕ್ಲೇಯೊಂದಿಗೆ ಪ್ರತಿಕ್ರಿಯಿಸಿ ಮೇಲ್ಮೈಯನ್ನು ಮೆತ್ತಗೆ, ಅಂಟಾಗಿ ಮಾಡುತ್ತವೆ. ಮೊದಲ ದಿನ ಗಾಜಿನಂತೆ ಹೊಳೆದದ್ದು ಕೆಲವು ವಾರಗಳ ನಂತರ ಅಂಟತೊಡಗಬಹುದು. ಆದ್ದರಿಂದ ಯಾವುದೇ ಹೊಸ ಲೇಪವನ್ನು ಬೆಂದ ಚೂರಿಗೆ ಹಚ್ಚಿ, ಕೆಲವು ವಾರ ಕಾದು, ಬೆರಳಿಂದ ಒತ್ತಿ ನೋಡಿದ ಮೇಲೆಯೇ ಆಭರಣಕ್ಕೆ ಬಳಸಿ.

ನೇರಳಾತೀತ (ಯುವಿ) ದೀಪದಡಿ ಗಟ್ಟಿಯಾಗುವ ದ್ರವವಾದ ಯುವಿ ರೆಸಿನ್ ದಪ್ಪ ಗಾಜಿನ ಹೊಳಪು ಕೊಡುತ್ತದೆ, ಆದರೆ ಕೆಳಗಿನ ಎಲ್ಲ ದೋಷಗಳನ್ನೂ ದೊಡ್ಡದಾಗಿ ತೋರಿಸುತ್ತದೆ. ಎಣ್ಣೆ ಅಂಶವಿರುವ ಮೈಯಿಂದ ಅದು ಹಿಂದೆ ಸರಿಯುವುದರಿಂದ ಮೊದಲು ಆಲ್ಕೋಹಾಲ್‌ನಿಂದ ಒರೆಸಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಕೈಗವಸು ಬೇಕೇ ಬೇಕು, ತುಂಡು ದೀಪದಡಿ ಪೂರ್ತಿ ಗಟ್ಟಿಯಾಗುವವರೆಗೆ ಬರಿಗೈಯಲ್ಲಿ ಮುಟ್ಟಬಾರದು.

ಕೊಕ್ಕೆಗೆ ತೂತನ್ನು ಬೆಂದ ಮೇಲೆ ಕೈ ಡ್ರಿಲ್‌ನಿಂದ ಕೊರೆದರೆ ಅಂಚು ಸ್ವಚ್ಛವಾಗಿರುತ್ತದೆ. ಓಲೆಯ ಕಡ್ಡಿಯನ್ನು ಹಿಂಬದಿಗೆ ಅಂಟಿಸುವುದಾದರೆ ಆ ಜಾಗಕ್ಕೆ ವಾರ್ನಿಶ್ ಹಚ್ಚಬೇಡಿ, ಏಕೆಂದರೆ ಆಗ ಅಂಟು ಹಿಡಿಯುವುದು ವಾರ್ನಿಶ್‌ಗೇ ಹೊರತು ಕ್ಲೇಗಲ್ಲ, ಮತ್ತು ಕಡ್ಡಿ ಕಿತ್ತು ಬರುವಾಗ ವಾರ್ನಿಶ್ ಸಮೇತ ಬರುತ್ತದೆ. ಆ ಜಾಗವನ್ನೂ ಕಡ್ಡಿಯ ಚಪ್ಪಟೆ ತಲೆಯನ್ನೂ 400ರ ಸ್ಯಾಂಡ್‌ಪೇಪರ್‌ನಿಂದ ಒರಟಾಗಿಸಿ, ಎರಡು ಭಾಗಗಳ ಎಪಾಕ್ಸಿ ಹಚ್ಚಿ, ಅದರ ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಪೂರ್ತಿ ಗಟ್ಟಿಯಾಗಲು ಬಿಟ್ಟ ಮೇಲೆ ಕಡ್ಡಿಯನ್ನು ಎಳೆದು ಪರೀಕ್ಷಿಸಿ.